ಎರಡನೇ ಈಡು

ಜಿಂಕೆ ಹೊಡೆಯುವ ಮಾತು ಎದ್ದದ್ದು ಲ್ಯಾನ್ಸ್‌ಲಾಟ್‌ನ ಬಾಯಿಬಡುಕತನದಿಂದಲೇ. ಟೈಪಿಸ್ಟಾಗಿ ದೋಹಾಕ್ಕೆ ಬಂದು, ಒಬ್ಬನೇ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ ಧಣಿಯ, ಆಫೀಸಿನಲ್ಲಿ ಹದಿನಾಲ್ಕು ವರ್ಷ ಕೂತು ಸೆಕ್ರೆಟರಿಯಾದವನು ಅವನು. 'ನಮ್ಮ ಬೆಳ್ತಂಗಡಿ ಕಾಡಿನಲ್ಲಿ' ಎಂದು ಶುರುಮಾಡಿದರೆ ಎದುರಿಗಿದ್ದವನ ಚಹಾ ಆರುವವರೆಗೂ ನಿಲ್ಲಿಸುತ್ತಿರಲಿಲ್ಲ. ಒಂದು ದಿನ ಅದು ಕಫೀಲನ ಕಿವಿಗೂ ಬಿತ್ತು. ದೋಹಾದ ಉತ್ತರಕ್ಕೆ ಅವನದೊಂದು ದೊಡ್ಡ ಮಝ್ರಾ ಇತ್ತು. ತೋಟ ಅಂದರೆ ತೋಟ, ಮರಳಿಗೆ ಬೇಲಿ ಹಾಕಿದ್ದು ಅಂದರೆ ಅದೂ ಸುಳ್ಳಲ್ಲ. ಅಲ್ಲಿ ಸಾಕಿದ ಜಿಂಕೆಗಳು ಹೆಚ್ಚಾಗಿದ್ದವು.

"ಶುಕ್ರವಾರ ಹೋಗು. ಒಂದು ಗಂಡು ಹೊಡೆದುಕೋ. ಬಂದೂಕು ಕಾವಲಿನವನ ಹತ್ತಿರ ಇದೆ" ಎಂದ ಕಫೀಲ. ಬರೀ ಬಾಯಿಮಾತು. ಕಾಗದ ಗೀಗದ ಏನೂ ಇಲ್ಲ.

ಲ್ಯಾನ್ಸ್‌ಲಾಟ್ ಮೊದಲು ಫೋನ್ ಮಾಡಿದ್ದು ಸಯೀದನಿಗೆ. ಉಳ್ಳಾಲದ ಸಯೀದ್ ಅಲ್ ಹಿಲಾಲ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಹದಿಮೂರು ವರ್ಷದ ಸ್ನೇಹ. ಊರಿನ ಜಾತಿಹೆಸರು ಹಿಡಿದೇ ಕರೆಯುವಷ್ಟು ಸಲಿಗೆ: ಸಯೀದ್ ಬ್ಯಾರಿ, ಲ್ಯಾನ್ಸ್‌ಲಾಟ್ ಪೊರ್ಬು. ಕ್ರಿಸ್ಮಸ್ಸಿಗೆ ಇವರ ಕುಸ್ವಾರ್ ತಿಂಡಿ ಅಲ್ಲಿಗೆ, ಬಕ್ರೀದಿಗೆ ಅವರ ಬಿರಿಯಾನಿ ಇಲ್ಲಿಗೆ. ಸಯೀದನ ಹೆಂಡತಿ ಝಾಹಿದಾ ಹೆರಿಗೆಗೆ ಆಸ್ಪತ್ರೆ ಸೇರಿದಾಗ ಜೊತೆಗಿದ್ದವಳು ಲ್ಯಾನ್ಸ್‌ಲಾಟ್‌ನ ಹೆಂಡತಿ ಡೊರೊತಿ.

1995ರ ನವೆಂಬರಿನ ಆ ಶುಕ್ರವಾರ ಎರಡು ಸಂಸಾರವೂ ಬೆಳಿಗ್ಗೆ ಆರಕ್ಕೇ ಹೊರಟಿತು. ಆಫೀಸಿನ ಜೀಪಿನಲ್ಲಿ ಚಾಪೆ, ಸ್ಟವ್, ಅಕ್ಕಿ, ಎರಡು ಥರ್ಮಾಸು, ಲ್ಯಾನ್ಸ್‌ಲಾಟ್‌ನ ಮಗಳು ಜೆಸಿಕಾಳ ಬ್ಯಾಡ್ಮಿಂಟನ್ ಬ್ಯಾಟು. ಸಯೀದ್ ಬಟ್ಟೆಯಲ್ಲಿ ಸುತ್ತಿದ ಚೂರಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಎಂತ ಬ್ಯಾರಿ, ಹೊಡೆಯುವ ಮೊದಲೇ ಮಸಾಲೆ ಅರೆದು ತಂದ ಹಾಗೆ ಉಂಟಲ್ಲ?" ಎಂದ ಲ್ಯಾನ್ಸ್‌ಲಾಟ್.

"ಮಸಾಲೆಯೂ ತಂದಿದ್ದೇನೆ ಮಾರಾಯ್ರೇ. ಜುಮಾ ನಮಾಜಿಗೆ ಮೊದಲು ಮಾಂಸ ಪಾತ್ರೆಗೆ ಬೀಳಬೇಕು. ನಿಮಗೆ ಹೊಡೆಯಲಿಕ್ಕೆ ಬರ್ತದೋ, ಇಲ್ಲ ಬರೀ ಕತೆಯೋ?"

"ಇವರು ಹೊಡೆದದ್ದನ್ನು ನಾನಂತೂ ನೋಡಿಲ್ಲ" ಎಂದಳು ಡೊರೊತಿ ಹಿಂದಿನಿಂದ. "ಮನೆಯಲ್ಲಿ ಜಿರಳೆ ಕಂಡ್ರೂ ನನ್ನನ್ನೇ ಕರೀತಾರೆ."

ಝಾಹಿದಾ ನಕ್ಕ ನಗೆಗೆ ಮಡಿಲಲ್ಲಿ ಮಲಗಿದ್ದ ಮಗ ಅಝರ್ ಎಚ್ಚರಗೊಂಡ.

ಕಾವಲಿನ ಸುಡಾನಿ ಬಂದೂಕು ಕೊಟ್ಟು, ಗೇಟಿನ ಬೀಗದ ಕೈ ಕೊಟ್ಟು, ತನ್ನ ಊರವರ ಜೊತೆ ಶುಕ್ರವಾರ ಕಳೆಯಲು ಹೋಗಿಬಿಟ್ಟ. ಒಳ್ಳೆಯ ಬಂದೂಕು, ಮೇಲೆ ದುರ್ಬೀನು. ಲ್ಯಾನ್ಸ್‌ಲಾಟ್ ಹುಡುಗನಾಗಿದ್ದಾಗ ಹಿಡಿದದ್ದು ಗದ್ದೆ ಕಾಯಲು ಅಪ್ಪ ಇಟ್ಟಿದ್ದ ಹಳೆಯ ಕೋವಿ. ಅದರಲ್ಲಿ ಹೊಡೆದದ್ದು ಹಂದಿಗಳನ್ನು. ಅಪ್ಪ ಕಲಿಸಿದ್ದು ಒಂದೇ ಪಾಠ: ಹಂದಿ ಬಿದ್ದಿತೆಂದು ಹತ್ತಿರ ಹೋಗಬೇಡ, ಇನ್ನೊಂದು ಈಡು ಹೊಡೆ, ಆಮೇಲೆ ಹೋಗು. ಗಾಯಗೊಂಡ ಹಂದಿ ಎದ್ದು ಬಂದು ಪಕ್ಕದ ಮನೆಯವನ ಹೊಟ್ಟೆ ಸೀಳಿದ್ದನ್ನು ಲ್ಯಾನ್ಸ್‌ಲಾಟ್ ಕಣ್ಣಾರೆ ನೋಡಿದ್ದ.

ಹೆಂಗಸರು, ಮಕ್ಕಳು ಪಂಪ್‌ಶೆಡ್ಡಿನ ನೆರಳಿನಲ್ಲಿ ಚಾಪೆ ಹಾಸಿದರು. ಗಂಡಸರಿಬ್ಬರೂ ಒಂದು ಮೈಲಿ ಒಳಗೆ ಜೀಪು ನಿಲ್ಲಿಸಿದರು. ನೀರಿನ ತೊಟ್ಟಿಯ ಹತ್ತಿರ ಏಳೆಂಟು ಜಿಂಕೆಗಳಿದ್ದವು. ಮರಳಿನದೇ ಬಣ್ಣ, ಬಾಲ ಆಡಿಸಿದಾಗ ಮಾತ್ರ ಕಾಣುತ್ತಿದ್ದವು. ಲ್ಯಾನ್ಸ್‌ಲಾಟ್ ಜೀಪಿನ ಬಾನೆಟ್ ಮೇಲೆ ಮೊಣಕೈ ಊರಿದ. ಸಯೀದನಿಗೆ ಬಲಗಡೆ ದೂರದಲ್ಲಿದ್ದ ಮುಳ್ಳುಜಾಲಿಯ ಪೊದೆ ತೋರಿಸಿದ. ತೊಟ್ಟಿಗೆ ಅದು ತೀರ ಹತ್ತಿರ.

"ಅದರ ಹಿಂದೆ ಕೂತ್ಕೋ. ಆ ಕಡೆ ಓಡದ ಹಾಗೆ ನೋಡು. ಅಲುಗಾಡಬೇಡ."

"ಆಯ್ತು ಪೊರ್ಬುಗಳೇ. ಅದು ಬೀಳುವವರೆಗೆ ನಿಮ್ಮ ಕೆಲಸ. ಬಿದ್ದ ಮೇಲೆ ನಂದು."

ಸಯೀದ್ ಬಗ್ಗಿಕೊಂಡು ಹೋದ. ಬಟ್ಟೆಯಿಂದ ಚೂರಿ ಹೊರಗೆ ಬಂದಿತ್ತು.

ಮೊದಲನೆಯ ಗುಂಡಿಗೇ ಕೊಂಬಿನ ಗಂಡು ಮುಗ್ಗರಿಸಿ ಬಿತ್ತು. ಉಳಿದವು ಹಾರಿಹೋದವು. ಲ್ಯಾನ್ಸ್‌ಲಾಟ್‌ನ ಎದೆ ಉಬ್ಬಿತು. ಡೊರೊತಿಗೆ ಈಡಿನ ಸದ್ದು ಕೇಳಿರಬೇಕು ಎಂದುಕೊಂಡ. ದುರ್ಬೀನಿನ ದುಂಡು ಗಾಜಿನಲ್ಲಿ ಜಿಂಕೆ ಮುಂಗಾಲು ಊರಿ ಏಳಲು ನೋಡುತ್ತಿತ್ತು. ಅವನ ಕೈ ತಾನಾಗಿಯೇ ಬೋಲ್ಟ್ ಎಳೆಯಿತು, ತಳ್ಳಿತು. ಬೆರಳು ಒತ್ತಿತು. ಒತ್ತಿದ ಕ್ಷಣದಲ್ಲೇ ಆ ದುಂಡಿನೊಳಗೆ ಒಂದು ನೀಲಿ ಅಂಗಿ ಬಂತು.

ಅವನು ದುರ್ಬೀನಿನಿಂದ ಕಣ್ಣು ತೆಗೆಯಲೇ ಇಲ್ಲ. ನೀಲಿ ಅಂಗಿ ಕೆಳಗೆ ಹೋಯಿತು. ಆಮೇಲೆ ಅಲ್ಲಿ ಮರಳು ಮಾತ್ರ ಇತ್ತು, ಜಿಂಕೆಯ ಕಿವಿ ಇತ್ತು.

ಹತ್ತಿರ ಓಡಿ ಹೋದಾಗ ಸಯೀದ್ ಮಗ್ಗುಲಾಗಿ ಬಿದ್ದಿದ್ದ. ತೊಡೆಯಿಂದ ರಕ್ತ ಚಿಮ್ಮುತ್ತಿತ್ತು. ಒಮ್ಮೆ ನಿಲ್ಲುವುದು, ಮತ್ತೆ ಚಿಮ್ಮುವುದು. ಎರಡು ಮಾರು ದೂರದಲ್ಲಿ ಜಿಂಕೆ ಒದ್ದಾಡುತ್ತಿತ್ತು. ಸಯೀದನ ಕೈಯಲ್ಲಿ ಚೂರಿ ಇನ್ನೂ ಇತ್ತು.

"ಲ್ಯಾನ್ಸಿ, ಅದಕ್ಕೆ ಜೀವ ಉಂಟಾ?" ಎಂದ ಅವನು. "ಬೇಗ ಕೊಯ್ಯಬೇಕು. ಇಲ್ಲಾಂದ್ರೆ ಹಲಾಲ್ ಆಗುವುದಿಲ್ಲ, ನಮ್ಮಲ್ಲಿ ಯಾರಿಗೂ ತಿನ್ನಲಿಕ್ಕೆ ಆಗುವುದಿಲ್ಲ."

ತನಗೇನಾಗಿದೆ ಎಂದು ಅವನಿಗೆ ತಿಳಿದಿರಲಿಲ್ಲ. ಏಳಲು ನೋಡಿದ, ಕಾಲು ಬರಲಿಲ್ಲ. ಕಾಲಿನ ಕಡೆ ನೋಡಿದ. ಆಗ ಕೂಗಿದ.

ಲ್ಯಾನ್ಸ್‌ಲಾಟ್ ಬೆಲ್ಟ್ ಬಿಚ್ಚಿ ತೊಡೆಗೆ ಬಿಗಿದ. ಅವನನ್ನು ಜೀಪಿಗೆ ಎಳೆದು ಹಾಕಿ ಪಂಪ್‌ಶೆಡ್ಡಿಗೆ ತಂದ. ಅಕ್ಕಿ ತೊಳೆಯುತ್ತಿದ್ದ ಝಾಹಿದಾ ಒದ್ದೆ ಕೈಯಲ್ಲೇ ಬಂದು ಹಿಂದಿನ ಬಾಗಿಲು ತೆರೆದಳು. ತಲೆಯ ಶಾಲು ಎಳೆದು ಉಂಡೆ ಮಾಡಿ ಗಾಯದ ಮೇಲಿಟ್ಟು, ಅದರ ಮೇಲೆ ಮೊಣಕಾಲೂರಿ ಕೂತಳು.

"ಮಕ್ಕಳು ನಿಮ್ಮ ಹತ್ತಿರ ಇರ್ಲಿ ಡೊರೊತಿ ಬಾಯಿ" ಎಂದಳು. "ಲ್ಯಾನ್ಸಿ ಭಾಯಿ, ನೀವು ಗಾಡಿ ಬಿಡಿ."

ದೋಹಾಕ್ಕೆ ಐವತ್ತು ನಿಮಿಷ. ರಸ್ತೆ ಖಾಲಿ. ಸಯೀದ್ ಮೊದಲು ನೀರು ಕೇಳಿದ, ಆಮೇಲೆ ಅಂಗಡಿಯ ಶಟರ್ ಹಾಕಿದ್ದೇನಾ ಎಂದು ಕೇಳಿದ, ಆಮೇಲೆ ಏನೂ ಕೇಳಲಿಲ್ಲ. ಝಾಹಿದಾ ಒಂದೇ ಸಮನೆ ಅವನ ಕೆನ್ನೆಗೆ ತಟ್ಟುತ್ತಿದ್ದ ಸದ್ದು ಲ್ಯಾನ್ಸ್‌ಲಾಟ್‌ಗೆ ಕೇಳುತ್ತಿತ್ತು. ಆ ಸದ್ದು ನಿಲ್ಲಬಾರದು ಎನ್ನುವುದೊಂದೇ ಅವನ ತಲೆಯಲ್ಲಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕು ಜನ ಬಂದು ಸಯೀದನನ್ನು ಒಳಗೆ ತಳ್ಳಿಕೊಂಡು ಹೋದರು. ಗುಂಡೇಟು ಅಂದಮೇಲೆ ಪೊಲೀಸಿಗೆ ಫೋನ್ ಹೋಯಿತು. ಲ್ಯಾನ್ಸ್‌ಲಾಟ್ ಆಫೀಸಿನ ಯೂಸುಫನಿಗೆ ಫೋನ್ ಮಾಡಿದ. ಯೂಸುಫ್ ಕಾಸರಗೋಡಿನವನು, ವೀಸಾ, ಠಾಣೆ, ಅರಬಿ ಮಾತು ಎಲ್ಲ ಅವನ ಕೆಲಸ. ಪೊಲೀಸರಿಗಿಂತ ಮೊದಲೇ ಬಂದ. ಬರುವ ದಾರಿಯಲ್ಲೇ ಕಫೀಲನ ಹತ್ತಿರ ಮಾತಾಡಿ ಬಂದಿದ್ದ.

"ನೋಡಿ ಲ್ಯಾನ್ಸಿಯಣ್ಣ, ಸಿಂಪಲ್" ಎಂದು ಮೂಲೆಗೆ ಕರೆದ. "ಅವನಿಗೆ ಬೋಧ ತಪ್ಪಿದೆ. ಬಂದೂಕು ಅವನೇ ತೆಗೆದುಕೊಂಡ, ಕೈ ಜಾರಿತು, ಅವನಿಗೇ ತಾಗಿತು. ನೀವು ದೂರ ಇದ್ರಿ. ಖಲಾಸ್. ನೀವೇ ಹೊಡೆದದ್ದು ಅಂದ್ರೆ ಜೈಲು. ಜೈಲು ಮುಗಿದ್ರೆ ಊರಿಗೆ ವಿಮಾನ. ಜೆಸಿಕಾಳ ಸ್ಕೂಲು, ಫ್ಲಾಟು, ಎಲ್ಲ ಖಲಾಸ್."

"ಮತ್ತೆ ಸಯೀದನಿಗೆ?"

"ಬದುಕಿದ್ರೆ ನೋಡುವ."

ಮೂರು ಕುರ್ಚಿ ಆಚೆ ಕೂತಿದ್ದ ಝಾಹಿದಾಳ ಕಡೆ ಇಬ್ಬರೂ ನೋಡಿರಲಿಲ್ಲ. ಅವಳ ಸಲ್ವಾರಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

"ಲ್ಯಾನ್ಸಿ ಭಾಯಿ" ಎಂದಳು. "ನೀವು ಬೇಕೂಂತ ಹೊಡೆದದ್ದಲ್ಲ, ನನಗೆ ಗೊತ್ತುಂಟು. ಆದ್ರೆ ಅವರು ಬಂದೂಕು ಮುಟ್ಟಲಿಲ್ಲ. ಅಷ್ಟು ಹೇಳಿ ಸಾಕು."

ಅಷ್ಟರಲ್ಲಿ ಡಾಕ್ಟರ್ ಹೊರಗೆ ಬಂದ. ಜೀವ ಉಳಿಯಬಹುದು, ಕಾಲು ಉಳಿಯುವುದಿಲ್ಲ, ಮಂಡಿಯ ಮೇಲಿಂದ ತೆಗೆಯಬೇಕು, ಮನೆಯವರ ಸಹಿ ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ ಕಾಗದ ತರಿಸಲು ಹೋದ. ಝಾಹಿದಾ ತಲೆಯಾಡಿಸಿದಳು. ಬಜಾರಿನಲ್ಲಿ ಯಾರೋ ಯಾವುದೋ ಸಾಮಾನು ಇಲ್ಲ ಎಂದಾಗ ಆಡಿಸುವಂತೆ.

ಪೊಲೀಸ್ ಅಧಿಕಾರಿ ಚಿಕ್ಕ ಪ್ರಾಯದವನು. ಯಾರು ಹೊಡೆದದ್ದು ಎಂದು ಯೂಸುಫನ ಮೂಲಕ ಕೇಳಿದ. ಯೂಸುಫ್ ಬಾಯಿ ತೆರೆಯುವ ಮೊದಲೇ ಲ್ಯಾನ್ಸ್‌ಲಾಟ್ ತನ್ನ ಎದೆ ಮುಟ್ಟಿಕೊಂಡು "ಅನಾ" ಎಂದ. ನಾನು. ಯೂಸುಫ್ ಹಣೆ ಒರೆಸಿಕೊಂಡ.

ಸಯೀದ್ ಜಿಂಕೆಯ ಕಡೆ ಯಾಕೆ ಓಡಿದ ಎಂದು ಅಧಿಕಾರಿ ಕೇಳಲೇ ಇಲ್ಲ. ಚೂರಿ ಇತ್ತೆಂದು ಕೇಳಿದ್ದೇ ಅವನಿಗೆ ಅರ್ಥವಾಯಿತು. ತನ್ನ ಕುತ್ತಿಗೆಯ ಮೇಲೆ ಬೆರಳಾಡಿಸಿ ತೋರಿಸಿದ. ಅವನಿಗೆ ಅರ್ಥವಾಗದ್ದು ಬೇರೆ: ಜಿಂಕೆ ಬಿದ್ದಿತ್ತಲ್ಲ, ಎರಡನೆಯದು ಯಾಕೆ?

ಲ್ಯಾನ್ಸ್‌ಲಾಟ್ ಅಪ್ಪನ ಪಾಠವನ್ನು, ಹಂದಿಯ ಕತೆಯನ್ನು ಹೇಳಿದ.

"ಹಂದಿ ಅಂತ ಹೇಳ್ಲಿಕ್ಕೆ ಉಂಟಾ ಇವನತ್ರ?" ಯೂಸುಫ್ ಗೊಣಗಿದ. ಕೊನೆಗೆ ಏನೋ ಒಂದು ಕಾಡುಪ್ರಾಣಿ ಎಂದು ತಿರುಗಿಸಿ ಹೇಳಿರಬೇಕು. ಅಧಿಕಾರಿ ಬರೆದುಕೊಂಡ. ಬರೆಯುತ್ತಲೇ ಇನ್ನೊಂದು ಕೇಳಿದ.

"ಅವನು ಕೊಯ್ಯಲು ಓಡ್ತಾನೆ ಅಂತ ನಿಮಗೆ ಗೊತ್ತಿರಲಿಲ್ವಾ ಅಂತ ಕೇಳ್ತಾನೆ" ಎಂದ ಯೂಸುಫ್. ಅವನ ಮುಖ ಸ್ವಲ್ಪ ಗೆಲುವಾಯಿತು. "ಗೊತ್ತಿರಲಿಲ್ಲ ಅನ್ನಿ. ನೀವು ಕ್ರಿಶ್ಚಿಯನ್ ಅಲ್ವಾ, ನಿಮಗೆ ಹೇಗೆ ಗೊತ್ತಿರ್ತದೆ? ಸಾಕು, ಅದೇ ಸಾಕು."

ಝಾಹಿದಾಳೂ ತಲೆಯೆತ್ತಿದಳು. ಹೌದು, ಅವರಿಗೆ ಗೊತ್ತಿಲ್ಲ ಎಂದು ಅವಳೇ ಹೇಳಲು ಹೊರಟಂತಿತ್ತು.

ಹದಿಮೂರು ಬಕ್ರೀದಿನಲ್ಲಿ ಲ್ಯಾನ್ಸ್‌ಲಾಟ್ ಸಯೀದನ ಜೊತೆ ಕಸಾಯಿಖಾನೆಗೆ ಹೋಗಿದ್ದ. ಟ್ಯಾಕ್ಸಿ ಸಿಗುವುದಿಲ್ಲವೆಂದು ಇವನದೇ ಕಾರು. ಆಡಿನ ಕಾಲು ಹಿಡಿದಿದ್ದ. ಬಿದ್ದ ಮೇಲೆ ನಂದು ಎಂದು ಸಯೀದ್ ಹೇಳಿದಾಗ ಏನು, ಯಾಕೆ ಎಂದು ಅವನು ಕೇಳಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಜಿಂಕೆ ಬಿದ್ದಾಗ ಮಾತ್ರ ಅವನ ತಲೆಯಲ್ಲಿ ಸಯೀದ್ ಇರಲಿಲ್ಲ, ಬೇರೆ ಯಾರೂ ಇರಲಿಲ್ಲ.

"ಗೊತ್ತಿತ್ತು" ಎಂದ.

ಯೂಸುಫ್ ಅನುವಾದ ಮಾಡಲಿಲ್ಲ. ಲ್ಯಾನ್ಸ್‌ಲಾಟ್ ತಾನೇ ಅಧಿಕಾರಿಯ ಕಡೆ ತಿರುಗಿ, ಆಫೀಸಿನಲ್ಲಿ ಕಲಿತ ಹರುಕು ಅರಬಿಯಲ್ಲಿ, ಗೊತ್ತಿತ್ತು, ನನಗೆ ಗೊತ್ತಿತ್ತು ಎಂದು ಎರಡು ಸಲ ಹೇಳಿದ.

"ಗೊತ್ತಿತ್ತಾ?" ಎಂದಳು ಝಾಹಿದಾ.

ಅವಳು ಎದ್ದು ನಿಂತಿದ್ದಳು. ಅಷ್ಟು ಹೊತ್ತು ಅವನ ಮೇಲಿದ್ದ ಅವಳ ಕಣ್ಣು ಈಗ ಅಲ್ಲಿರಲಿಲ್ಲ. ನರ್ಸ್ ಕಾಗದ ಹಿಡಿದುಕೊಂಡು ಬಾಗಿಲಲ್ಲಿ ಕರೆಯುತ್ತಿದ್ದಳು. ಝಾಹಿದಾ ಹೋಗಿ, ಗೋಡೆಗೆ ಕಾಗದ ಒತ್ತಿ ಹಿಡಿದು, ಎಲ್ಲಿ ಎಂದು ಕೇಳಿ, ಸಹಿ ಮಾಡಿದಳು. ಅಧಿಕಾರಿ ಪೆನ್ನು ಜೇಬಿಗಿಟ್ಟು ಲ್ಯಾನ್ಸ್‌ಲಾಟ್‌ನ ಮೊಣಕೈ ಹಿಡಿದ.