ಆಣೆ ಬಿಟ್ಟು ಬೇರೆ ಮಾತು

ಅತ್ತೆಯ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಇನ್ನು ಮೂರು ದಿನ ಉಳಿದಿತ್ತು. ನಾನು ಚಪಾತಿ ಲಟ್ಟಿಸುತ್ತ ಪ್ರಶ್ನೆ ಕೇಳುತ್ತಿದ್ದೆ, ಅವರು ಮೆಂತ್ಯಸೊಪ್ಪು ಬಿಡಿಸುತ್ತ ಉತ್ತರ ಹೇಳುತ್ತಿದ್ದರು.

“ಇಂಗ್ಲೆಂಡಿನಿಂದ ಜನ ಈ ದೇಶಕ್ಕ ಯಾಕ ಬಂದ್ರು, ಅತ್ತಿ?”

“ತಮ್ಮ ದೇವರಿಗೆ ತಮ್ಮಂಗ ಪ್ರಾರ್ಥನೆ ಮಾಡಾಕ.”

“ಕರೆಕ್ಟ್.”

“ಹಾಫ್ ಕರೆಕ್ಟ್,” ಎಂದಳು ಅಪೂರ್ವಾ, ಊಟದ ಮೇಜಿನಿಂದ ತಲೆ ಎತ್ತದೆ. “ಇಲ್ಲಿಗೆ ಬಂದು ಬೇರೆಯವರಿಗೆ ಹೊಡೆದ್ರು, ಅಜ್ಜಿ. ಅವರೂ ಕ್ರಿಶ್ಚಿಯನ್, ಇವರೂ ಕ್ರಿಶ್ಚಿಯನ್.”

ನನ್ನ ಮಗಳಿಗೆ ಹದಿನಾಲ್ಕು. ಹಳೆಯ ಮೇರಿಲ್ಯಾಂಡಿನ ಕ್ವೇಕರರೆಂಬ ಕ್ರೈಸ್ತ ಪಂಥದವರ ಬಗ್ಗೆ ಶಾಲೆಗೆ ಒಂದು ಪ್ರಾಜೆಕ್ಟ್ ಮಾಡುತ್ತಿದ್ದಳು. ಅವಳು ಹೇಳಿದ ಕತೆ ಇಷ್ಟು. 1649ರಲ್ಲಿ ಇಲ್ಲಿ ಒಂದು ಕಾನೂನು ಬಂತು: ಕ್ರಿಸ್ತನನ್ನು ನಂಬುವ ಯಾರನ್ನೂ ಅವರವರ ನಂಬಿಕೆಗಾಗಿ ಕಾಡಬಾರದು. ಹತ್ತು ವರ್ಷ ಆಗುವಷ್ಟರಲ್ಲಿ ಕ್ವೇಕರರು ಬಂದರು. ಅವರು ಅಧಿಕಾರಿಗಳ ಮುಂದೆ ಟೋಪಿ ತೆಗೆಯುತ್ತಿರಲಿಲ್ಲ, ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುತ್ತಿದ್ದರು. ಮುಖ್ಯವಾಗಿ ಆಣೆ ಮಾಡುತ್ತಿರಲಿಲ್ಲ. ಆಣೆ ಮಾಡದವನನ್ನು ನಂಬುವುದು ಹೇಗೆಂದು ಸರ್ಕಾರ ಹೆದರಿತು. ಕೆಲವರಿಗೆ ಛಡಿಯೇಟು ಬಿತ್ತು, ಕೆಲವರನ್ನು ಗಡಿ ದಾಟಿಸಿದರು.

“ದೊಡ್ಡವರಿಗೂ ನೀನು ಅಂತಿದ್ರ?” ಅತ್ತೆ ನಕ್ಕರು. “ನಿನ್ನಂಗ.”

“ನಾನು ಬರೀ ನಿನಗೆ ನೀನು ಅಂತೀನಿ, ಅಜ್ಜಿ.”

“ಹೋದ ಭಾನುವಾರ ಪಾದ್ರಿಗೂ ಅಂದಿ.”

ಅಪೂರ್ವಾ ನಾಲಗೆ ಕಚ್ಚಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಟಾಲರೇಶನ್‌ಗೆ ಕನ್ನಡದಲ್ಲಿ ಏನಂತಾರೆ, ಮಮ್ಮಿ?” ಎಂದಳು.

“ಸಹಿಸ್ಕೊಳ್ಳೋದು.”

“ಹಲ್ಲುಬ್ಯಾನಿ ಸಹಿಸ್ಕೊಂಡಂಗೇನು?” ಎಂದರು ಅತ್ತೆ. ನನಗೆ ಬೇರೆ ಶಬ್ದ ಹೊಳೆಯಲಿಲ್ಲ.

ನಾವು ಬೆಟಗೇರಿಯ ಬಾಸೆಲ್ ಮಿಶನ್ ಸಭೆಯವರು. ಈಗ ಇದೇ ಮೇರಿಲ್ಯಾಂಡಿನ ಜರ್ಮನ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಅತ್ತೆ ದೀನವ್ವನವರಿಗೆ ಎಪ್ಪತ್ತೊಂದು. ಗ್ರೀನ್ ಕಾರ್ಡ್ ಬಂದು ಹದಿನಾರು ವರ್ಷ ಆದದ್ದರಿಂದ ಇಂಟರ್‌ವ್ಯೂ ಕನ್ನಡದಲ್ಲೇ ಕೊಡಬಹುದು, ಇಂಟರ್‌ಪ್ರಿಟರ್ ನಾನು. ಇಷ್ಟು ದಿನ ಬೇಡವಾಗಿದ್ದ ಸಿಟಿಜನ್‌ಶಿಪ್ ಈಗ ಬೇಕಾಗಿದ್ದು ಅವರ ಅಕ್ಕ ಮಾರ್ಥವ್ವನಿಗಾಗಿ. ಮಾರ್ಥವ್ವ ಬೆಟಗೇರಿಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದಾರೆ. ಫೋನು ಮಾಡಿದಾಗಲೆಲ್ಲ, ‘ದೀನಾನ ಕಳಸ್ರಿ’ ಎನ್ನುತ್ತಾರೆ. ಹೋದ ಸಲ ಅತ್ತೆ ಅಲ್ಲಿ ಏಳು ತಿಂಗಳು ಉಳಿದು ಬಂದಾಗ, ಮತ್ತೆ ಹೀಗೆ ದೂರ ಉಳಿದರೆ ಗ್ರೀನ್ ಕಾರ್ಡ್ ಹೋದೀತೆಂದು ಏರ್‌ಪೋರ್ಟಿನಲ್ಲಿ ಎಚ್ಚರಿಸಿದ್ದರು. ಸಿಟಿಜನ್ ಆದರೆ ಅಕ್ಕನ ಪಕ್ಕದಲ್ಲಿ ಬೇಕಾದಷ್ಟು ದಿನ ಕೂತು, ಮೊಮ್ಮಗಳ ಹತ್ತಿರ ವಾಪಸು ಬರಬಹುದು. ಅತ್ತೆಗೆ ಬೇಕಾಗಿದ್ದು ಅಷ್ಟೇ.

“ಅಜ್ಜಿ, ಶುಕ್ರವಾರ ನೀನೂ ಸ್ವೇರ್ ಮಾಡ್ಬೇಕು,” ಎಂದಳು ಅಪೂರ್ವಾ. “ಕೈ ಎತ್ತಿ. ವೀಸಾಗೂ ಮಾಡಿರ್ತೀಯ.”

“ಸ್ವೇರ್ ಅಂದ್ರ?”

“ಆಣೆ.”

ಅತ್ತೆಯ ಬೆರಳು ಸೊಪ್ಪಿನ ಮೇಲೆ ನಿಂತಿತು. “ನಾ ಯಾವಾಗ ಆಣಿ ಮಾಡೇನಿ?”

ವೀಸಾಕ್ಕೆ ಹೋಗುವ ಮುಂಚೆ ನನ್ನ ಗಂಡ ಚೇತನ ಇಲ್ಲಿಂದ ಫೋನಿನಲ್ಲಿ ಅವರಿಗೆ ಪಾಠ ಹೇಳಿಕೊಟ್ಟಿದ್ದು ನನಗೆ ನೆನಪಿತ್ತು: ಕೈ ಎತ್ತು ಅಂದರೆ ಎತ್ತು ಅವ್ವಾ, ಯೆಸ್ ಅನ್ನು, ಮುಗೀತು.

“ನನಗ ಗೊತ್ತಿಲ್ದನ ಮಾಡಿಸಿದ್ರಿ,” ಎಂದರು ಅತ್ತೆ, ಮೆಲ್ಲಗೆ. ಬಿಡಿಸಿದ ಸೊಪ್ಪನ್ನು ನನ್ನ ಕಡೆ ಸರಿಸಿ ಎದ್ದು ಹೋದರು.

ಅವರಿಗೆ ಆಣೆ ಎಂಬುದು ಸಣ್ಣ ಮಾತಲ್ಲ. ಅವರ ಅಪ್ಪ ನೇಕಾರ, ಸಭೆಯ ಹಿರಿಯ. ಯೇಸು ಆಣೆಯೇ ಬೇಡ ಎಂದಿದ್ದಾನೆ ಎಂದು ಜೀವಮಾನವಿಡೀ ಆಣೆ ಮಾಡದವರು. ಸ್ವಂತ ತಮ್ಮನ ಮೇಲೆ ಕಳ್ಳತನದ ಕೇಸು ಬಿದ್ದಾಗ ಸಾಕ್ಷಿ ಹೇಳಲು ಹೋಗಿದ್ದರು. ಆಣೆ ಮಾಡೆನೆಂದರು, ಸಾಕ್ಷಿ ಆಗಲಿಲ್ಲ. ಆಣೆ ಬಿಟ್ಟು ಬೇರೆ ದಾರಿಯೂ ಇದೆಯೆಂದು ಅಲ್ಲಿ ಯಾರೂ ಅವರಿಗೆ ಹೇಳಲಿಲ್ಲ. ತಮ್ಮ ಮೂರು ತಿಂಗಳು ಒಳಗಿದ್ದು ಬಂದ, ಅಣ್ಣನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಅತ್ತೆಗೆ ಆಗ ಒಂಬತ್ತು ವರ್ಷ. ನಮ್ಮ ಮನೆಯಲ್ಲಿ ಅಪೂರ್ವಾ ‘ಗಾಡ್ ಪ್ರಾಮಿಸ್’ ಎಂದರೂ ಅವರ ಹುಬ್ಬು ಏರುತ್ತದೆ.

ಸಂಜೆ ಚೇತನ ಲ್ಯಾಬಿನಿಂದ ಬಂದಾಗ ಪಾತ್ರೆ ತೊಳೆಯುತ್ತ ಎಲ್ಲ ಹೇಳಿದೆ. ಅವನು ತಟ್ಟೆ ಒರೆಸುತ್ತ ನಿಂತ.

“ಇಂಟರ್‌ಪ್ರಿಟರ್ ನೀನ ಅಲ್ಲೇನು? ‘ಖರೇ ಹೇಳ್ತೀರೇನು’ ಅಂತ ಕೇಳು. ಅವ್ವ ‘ಹೂಂ’ ಅಂತಾಳ. ಸುಳ್ಳೇನೈತಿ ಅದ್ರಾಗ?”

“ಆಫೀಸಿನವರು ಕೇಳೂದು ಅದಲ್ಲಲ್ರೀ.”

“ಡ್ಯಾಡಿ, ಅಫರ್ಮ್ ಅನ್ನಬಹುದು,” ಅಪೂರ್ವಾ ಬಾಗಿಲಲ್ಲಿ ನಿಂತಿದ್ದಳು. “ಕ್ವೇಕರ್ಸ್ ಫೈಟ್ ಮಾಡಿ ತಗೊಂಡ್ರು. ಸ್ವೇರ್ ಬದಲು ಅಫರ್ಮ್. ಬರೀ ಮಾತು, ಆಣೆ ಇಲ್ಲ. ಇವಾಗ್ಲೂ ಇದೆ, ನಾನು ನೋಡ್ದೆ.”

“ನೀ ಹೋಮ್‌ವರ್ಕ್ ಮಾಡು. ಫಾರ್ಮಿನ್ಯಾಗ ಏನು ಬರದೀವಿ ಗೊತ್ತೈತೇನು?”

ಅವನು ನನ್ನನ್ನು ನೋಡಿದ. ಆ ಫಾರ್ಮು ತುಂಬಿದವಳು ನಾನೇ. ಜನವರಿಯಲ್ಲಿ, ಒಂದು ಕಡೆ ಬೇಳೆ ಕುದಿಯುತ್ತಿರುವಾಗ. ಸಿಟಿಜನ್ ಆಗುವಾಗಿನ ದೇಶನಿಷ್ಠೆಯ ಪ್ರಮಾಣವನ್ನು ಪೂರ್ತಿಯಾಗಿ ಸ್ವೀಕರಿಸಲು ಒಪ್ಪಿಗೆಯೇ ಎಂಬ ಸಾಲಿಗೆ ‘ಹೌದು’ ಎಂದು ಗುರುತು ಹಾಕಿದ್ದೆ. ಕೊನೆಯ ಪುಟದಲ್ಲಿ, ಎಲ್ಲ ಪ್ರಶ್ನೆಗಳನ್ನೂ ಅರ್ಜಿದಾರರಿಗೆ ಓದಿ ಹೇಳಿದ್ದೇನೆ ಎಂದು ನನ್ನ ಸಹಿಯಿದೆ. ಆ ಸಾಲನ್ನು ನಾನು ಓದಿ ಹೇಳಿರಲಿಲ್ಲ. ಕುಕ್ಕರ್ ಕೂಗಿತ್ತು, ಎದ್ದು ಹೋಗಿದ್ದೆ.

“ಅಲ್ಲಿ ಹೌದು ಅಂತೈತಿ, ಇಲ್ಲಿ ಇಲ್ಲ ಅಂದ್ರ ಏನಂದ್ಕೋತಾರ?” ಎಂದ ಚೇತನ. “ದೊಡ್ಡವ್ವ ಕಾಯಾಕತ್ಯಾಳ, ಸ್ಮಿತಾ. ಒಂದು ಶಬ್ದ. ಒಂದ ಒಂದು ಶಬ್ದ.”

ಅವನು ಕೆಟ್ಟವನಲ್ಲ. ಮಾರ್ಥವ್ವನ ತೊಡೆಯ ಮೇಲೆ ಬೆಳೆದವನು.

ಶುಕ್ರವಾರ ಬೆಳಿಗ್ಗೆ ಅವನು ಲ್ಯಾಬಿಗೆ ಹೋದ, ಅಪೂರ್ವಾ ಶಾಲೆಗೆ. ನಾನು ಅತ್ತೆಯನ್ನು ಕೂರಿಸಿಕೊಂಡು ಡ್ರೈವ್ ಮಾಡಿದೆ. ಬೆಲ್ಟ್‌ವೇಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಂತಿದ್ದವು. ಅತ್ತೆ ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು, ಕೈಚೀಲವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದರು. ಮೂರು ದಿನದಿಂದ ಆಣೆಯ ಮಾತು ಎತ್ತಿರಲಿಲ್ಲ. ಈಗ ಎತ್ತಿದರು.

“ಸ್ಮಿತಾ, ಅವರು ಏನು ಕೇಳ್ತಾರ, ಅದನ್ನ ಹೇಳು. ಈ ಸಲ ನನಗ ಗೊತ್ತಿರಲಿ.”

“ಆತ್ರಿ,” ಎಂದೆ. ಆದರೆ ‘ಖರೇ ಹೇಳ್ತೀರೇನು’ ಎಂಬ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಬೆಳಿಗ್ಗೆಯಿಂದ ಅದನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿದ್ದೆ.

ಇಮಿಗ್ರೇಶನ್ ಆಫೀಸಿನ ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿದ್ದಳು. ಸಣ್ಣ ಕೋಣೆ, ಒಂದು ಬಾವುಟ, ಎರಡು ಕುರ್ಚಿ. ಮೊದಲು ನನ್ನ ಕಡೆ ತಿರುಗಿದಳು. ಕೇಳಿದ್ದನ್ನು ಕೇಳಿದ ಹಾಗೆಯೇ, ಏನೂ ಸೇರಿಸದೆ, ಏನೂ ಬಿಡದೆ ಅನುವಾದ ಮಾಡುತ್ತೇನೆಂದು ನನ್ನ ಕೈಯಲ್ಲಿ ಆಣೆ ಮಾಡಿಸಿದಳು. ಇದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೈ ಎತ್ತಿ ‘ಐ ಡೂ’ ಎಂದೆ.

ಆಮೇಲೆ ಅತ್ತೆಯ ಕಡೆ ತಿರುಗಿದಳು. ಬಲಗೈ ಎತ್ತಿ. ಸತ್ಯವನ್ನೇ ಹೇಳುತ್ತೇನೆಂದು ಆಣೆ ಮಾಡುತ್ತೀರಾ?

ಅವಳ ಸನ್ನೆ ನೋಡಿ ಅತ್ತೆ ಕೈ ಎತ್ತಿದ್ದರು. ನನ್ನ ಮುಖ ನೋಡುತ್ತಿದ್ದರು.

“ಖರೇ ಹೇಳ್ತೀನಂತ,” ಎಂದು ಶುರು ಮಾಡಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. “ಖರೇ ಹೇಳ್ತೀನಂತ ಆಣಿ ಮಾಡ್ತೀರೇನು ಅಂತ ಕೇಳಾಕತ್ಯಾರ, ಅತ್ತಿ.”

ಎತ್ತಿದ ಕೈ ಮೆಲ್ಲಗೆ ಇಳಿಯಿತು. ಕೈಚೀಲದ ಮೇಲೆ ಕೂತಿತು.

“ಏನಾಯಿತು?” ಎಂದಳು ಅಧಿಕಾರಿ.

“ನಾ ಆಣಿ ಮಾಡಂಗಿಲ್ಲ,” ಎಂದರು ಅತ್ತೆ. “ಖರೇ ಹೇಳ್ತೀನಿ. ನನ್ನ ಮಾತಿಗೆ ಇನ್ನೊಂದು ಮಾತು ಕಾವಲು ಬ್ಯಾಡ.”

ಹಾಗೆಯೇ ಇಂಗ್ಲಿಷಿಗೆ ತಂದೆ. ಧರ್ಮದ ಕಾರಣಕ್ಕಾಗಿ ಹೀಗೆ, ಆಣೆಯ ಬದಲು ಅಫರ್ಮ್ ಮಾಡಬಹುದೇ ಎಂದೂ ಕೇಳಿಬಿಟ್ಟೆ. ಅಧಿಕಾರಿಯ ಕನ್ನಡಕ ತಲೆಯಿಂದ ಕಣ್ಣಿಗೆ ಇಳಿಯಿತು.

“ಅದು ಅವರ ಮಾತೋ ನಿಮ್ಮದೋ?”

“ಕೊನೆಯದು ನನ್ನದು.”

“ಏನೂ ಸೇರಿಸುವುದಿಲ್ಲ ಎಂದು ಈಗಷ್ಟೇ ಹೇಳಿದಿರಿ.” ಅವಳು ಫಾರ್ಮಿನ ಪುಟ ತಿರುವಿ ಒಂದು ಸಾಲಿನ ಮೇಲೆ ಪೆನ್ನು ಇಟ್ಟಳು. “ಪೂರ್ತಿ ಪ್ರಮಾಣಕ್ಕೆ ಒಪ್ಪಿಗೆ, ಹೌದು ಎಂದಿದೆ. ತುಂಬಿದ್ದು ಯಾರು?”

“ನಾನು.”

“ಇದನ್ನು ಅವರಿಗೆ ಓದಿ ಹೇಳಿದ್ದಿರಾ?”

ಮಾರ್ಥವ್ವನ ಮುಖ ಕಣ್ಣ ಮುಂದೆ ಬಂತು. ಚೇತನನ ಮುಖವೂ. ಹೌದು ಎಂದರೆ ಅತ್ತೆ ಮಾತು ಬದಲಿಸಿದ ಹಾಗಾಗುತ್ತದೆ. ಇಲ್ಲ ಎಂದರೆ ನನ್ನ ಸಹಿ ಸುಳ್ಳು.

“ಇಲ್ಲ,” ಎಂದೆ. “ಉಳಿದದ್ದೆಲ್ಲ ಓದಿದೆ. ಇದೊಂದು ಓದಲಿಲ್ಲ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಮೇಲಧಿಕಾರಿಯನ್ನು ಕೇಳಿ ಬರುತ್ತೇನೆಂದು ಫೈಲು ಎತ್ತಿಕೊಂಡು ಹೊರಗೆ ಹೋದಳು.

ನಡೆದದ್ದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ, ಫಾರ್ಮಿನ ವಿಷಯವನ್ನೂ, ಕುಕ್ಕರಿನ ವಿಷಯವನ್ನೂ. ಅವರು ಬೈಯುತ್ತಾರೆಂದುಕೊಂಡೆ.

“ಈಗ ಖರೇ ಹೇಳಿದೆಲ್ಲ,” ಎಂದರು ಅವರು, “ಆಣಿ ಮಾಡಿದ್ದಕ್ಕ ಹೇಳಿದೇನು? ಮಾಡದಿದ್ರ ಹೇಳ್ತಿದ್ದಿಲ್ಲೇನು?”

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದರು.

“ಗೊತ್ತಿಲ್ರಿ, ಅತ್ತಿ.”

“ನಮ್ಮಪ್ಪನೂ ಹಂಗ ಅಂತಿದ್ದ. ಅಂದು ಆಣಿ ಮಾಡಿದ್ರ ನಿನ್ನ ತಮ್ಮ ಉಳೀತಿದ್ದ, ನೀ ಮಾಡಿದ್ದು ಬರೋಬ್ಬರಿ ಏನು ಅಂತ ನಾ ಕೇಳಿದ್ರ, ಗೊತ್ತಿಲ್ಲವ್ವಾ ಅಂತಿದ್ದ.” ಅವರು ಸೆರಗಿನ ತುದಿಯಿಂದ ನನ್ನ ಹಣೆಯ ಬೆವರು ಒರೆಸಿದರು. “ಮಾರ್ಥಕ್ಕಗ ಏನು ಹೇಳೂದು?”

ನಾನು ಅವರ ಸೆರಗನ್ನು ಹೆಗಲ ಮೇಲೆ ಸರಿಮಾಡಿದೆ.

ಇಪ್ಪತ್ತು ನಿಮಿಷದ ಮೇಲೆ ಅಧಿಕಾರಿ ವಾಪಸು ಬಂದಳು. ನಾನು ಇನ್ನು ಇಂಟರ್‌ಪ್ರಿಟರ್ ಅಲ್ಲ; ಇಲ್ಲಿ ಕೂರಬಹುದು, ಬಾಯಿ ತೆರೆಯಬಾರದು ಎಂದಳು. ಸ್ಪೀಕರ್ ಫೋನಿನಲ್ಲಿ ನಂಬರು ಒತ್ತಿದಳು. ಎಲ್ಲಿಂದಲೋ ಮೈಸೂರಿನ ಕಡೆಯ ಗಂಡಸಿನ ದನಿ ಬಂತು.

“ನಮಸ್ಕಾರ ಅಮ್ಮಾ. ನೀವು ಸತ್ಯ ಹೇಳ್ತೀರಿ ಅಂತ ದೃಢೀಕರಿಸ್ತೀರಾ ಅಂತ ಕೇಳ್ತಿದ್ದಾರೆ.”

ಅತ್ತೆ ಫೋನನ್ನು ನೋಡಿದರು, ನನ್ನನ್ನು ನೋಡಿದರು. ಆ ಶಬ್ದ ಅವರಿಗೆ ತಿಳಿದಿರಲಿಲ್ಲ. ನಾನು ತುಟಿ ಕಚ್ಚಿ ಕೂತೆ.

“ಹಂಗಂದ್ರ? ಆಣಿ ಏನು?”

ಆ ದನಿ ಅವರ ಪ್ರಶ್ನೆಯನ್ನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿತು, ಅವಳ ಉತ್ತರವನ್ನು ಕೇಳಿಸಿಕೊಂಡಿತು.

“ಆಣೆ ಅಲ್ಲವಂತೆ ಅಮ್ಮಾ. ನಿಮ್ಮ ಮಾತು ಅಷ್ಟೆ. ಆದರೆ ಆಮೇಲೆ ಸುಳ್ಳು ಹೇಳಿದರೆ ಆಣೆ ಮಾಡಿ ಹೇಳಿದಷ್ಟೇ ತಪ್ಪು.”

“ಅದು ಬರೋಬ್ಬರಿ,” ಎಂದರು ಅತ್ತೆ. “ಹೇಳ್ತೀನಿ.”

ಅಧಿಕಾರಿ ಫಾರ್ಮನ್ನು ಅವರ ಮುಂದೆ ತಿರುಗಿಸಿ, ನಾನು ಹಾಕಿದ ಗುರುತನ್ನು ತೋರಿಸಿದಳು. ಫೋನಿನ ದನಿ ಕೇಳಿತು: “ಈ ಪ್ರಶ್ನೆಯನ್ನ ನಿಮ್ಮ ಸೊಸೆ ನಿಮಗೆ ಓದಿ ಹೇಳಿದ್ದರಾ?”

ನಾನು ತಲೆ ತಗ್ಗಿಸಿದೆ. ನನ್ನ ಸೀರೆಗೆ ಗಂಜಿ ಹಾಕುವಾಗ, ಹೆರಿಗೆಯಲ್ಲಿ ನನ್ನ ಬೆನ್ನು ಒತ್ತುವಾಗ, ಈ ಹೆಂಗಸು ನನ್ನ ಒಂದು ತಪ್ಪನ್ನೂ ಹೊರಗಿನವರ ಮುಂದೆ ಆಡಿದವರಲ್ಲ.

“ಇಲ್ಲ,” ಎಂದರು ಅತ್ತೆ.

ಅಷ್ಟೇ. ಅದಕ್ಕೆ ಮೆತ್ತೆ ಹಾಕಲಿಲ್ಲ. ಆಮೇಲೆ ಅವರು ಫೋನಿನ ಕಡೆ ಬಗ್ಗಿ, ಅದಕ್ಕೆ ಕಿವಿ ಮಂದವೇನೋ ಎಂಬಂತೆ ಜೋರಾಗಿ ಹೇಳಿದರು:

“ಆವತ್ತು ಹೇಳಿದ್ದಿಲ್ಲ. ಇವತ್ತು ಹೇಳ್ಯಾಳ. ಅದನ್ನೂ ಬರಕೋರಿ ಅನ್ನು.”

ದನಿ ಅದನ್ನು ಇಂಗ್ಲಿಷಿಗೆ ತಂದಿತು. ಅಧಿಕಾರಿ ಕೆಂಪು ಪೆನ್ನು ತೆಗೆದು ನನ್ನ ಗುರುತನ್ನು ಹೊಡೆದು ಹಾಕಿದಳು, ಪಕ್ಕದಲ್ಲಿ ‘ಆಣೆಯ ಬದಲು ಅಫರ್ಮ್’ ಎಂದು ಬರೆದಳು, ಫೋನಿನ ದನಿಯಿಂದ ಅದನ್ನು ಅತ್ತೆಗೆ ಹೇಳಿಸಿದಳು, ಅತ್ತೆಯ ಬೆರಳನ್ನು ಅಲ್ಲಿಗೆ ತಂದು ತೋರಿಸಿದಳು. ಅತ್ತೆ ಕನ್ನಡದಲ್ಲಿ ಸಹಿ ಮಾಡಿದರು, ಒಂದೊಂದೇ ಅಕ್ಷರ, ದೀರ್ಘಕ್ಕೆ ಬಾಲ ಎಳೆದು.

“ಸರಿ,” ಎಂದಳು ಅಧಿಕಾರಿ, ಕನ್ನಡಕವನ್ನು ಮತ್ತೆ ತಲೆಗೇರಿಸಿ. “ಮೊದಲ ಪ್ರಶ್ನೆ.”

ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು.