ಅಕ್ಕನ ಪಾಲಿನ ಹೆಜ್ಜೆ

ವಿದ್ಯಾರ್ಥಿನಿಲಯದ ನಾಲ್ಕು ಮಹಡಿ ಗುಡಿಸಿ ಒರೆಸುವುದು ನನ್ನ ಕೆಲಸ. ಮೊಬೈಲ್ ಹಿಡಿದ ಹುಡುಗಿಯರು ಹಾಸಿಗೆ ಬಿಟ್ಟೇಳುವುದಿಲ್ಲವೆಂದು ವಿಶ್ವವಿದ್ಯಾಲಯದವರು ಆ ವರ್ಷ ಎಲ್ಲರಿಗೂ ಹೆಜ್ಜೆ ಎಣಿಸುವ ಕೈಪಟ್ಟಿ ಕೊಟ್ಟರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದವರಿಗಷ್ಟೇ ಅಂಕ.

ಮೂಲೆ ಕೋಣೆಯ ಅಕ್ಕ ತನ್ನ ಪಟ್ಟಿಯನ್ನು ನನ್ನ ಕೈಗೆ ಕಟ್ಟಿದಳು.

"ಮೌನಗೌರಿ, ನೀನು ಹೇಗೂ ದಿನವಿಡೀ ಓಡಾಡ್ತೀಯ. ನನ್ನ ಪಾಲಿಂದೂ ನಡೆದುಬಿಡು."

ಅಲ್ಲಿ ನನ್ನನ್ನು ಮಾತಾಡಿಸುತ್ತಿದ್ದವಳು ಅವಳೊಬ್ಬಳೇ. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದವಳು, ಸಂಜೆ ನಾನು ಪಟ್ಟಿ ಮರಳಿಸುವಾಗಲೂ ಹಾಗೇ ಇರುತ್ತಿದ್ದಳು. ಊಟದ ತಟ್ಟೆಯೂ ಹಾಸಿಗೆಗೇ ಬರುತ್ತಿತ್ತು.

ಎರಡು ತಿಂಗಳಲ್ಲಿ ಅವಳ ಎಡಗಾಲು ಊದಿಕೊಂಡಿತು. ಕೋಣೆಗೆ ಬಂದ ವೈದ್ಯರು ಮೊದಲು ಅವಳ ಮೊಬೈಲಿನಲ್ಲಿ ಪಟ್ಟಿಯ ಲೆಕ್ಕ ನೋಡಿದರು.

"ದಿನಾ ಹನ್ನೆರಡು ಸಾವಿರನಾ? ಕಾಲಿನ ಮೇಲೂ ಸ್ವಲ್ಪ ಕರುಣೆ ಇರಲಮ್ಮ. ನಡೆದು ನಡೆದು ಸ್ನಾಯು ಉಳುಕಿದೆ. ಒಂದು ವಾರ ಮಲಗಿರು, ಸರಿಹೋಗುತ್ತೆ."

ಬಾಗಿಲಲ್ಲಿ ನೆಲ ಒರೆಸುತ್ತಿದ್ದ ನನಗೆ ಅವರ ಬೆನ್ನ ಹಿಂದಿನಿಂದ ಅಕ್ಕ ಕಣ್ಣಲ್ಲೇ ಸುಮ್ಮನಿರಲು ಹೇಳಿದಳು. ಬಕೆಟ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದೆ.

ಐದನೇ ದಿನ ಅವಳು ಉಸಿರು ಸಿಗದೆ ತೀರಿಕೊಂಡಳು. ಅಲ್ಲಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತಂತೆ.

ಬಟ್ಟೆಬರೆ ಒಯ್ಯಲು ಬಂದ ಅವಳ ತಾಯಿ ಮತ್ತೆ ಮತ್ತೆ ಕೇಳುತ್ತಿದ್ದರು. "ಅಷ್ಟು ನಡೆಯೋ ಮಗುಗೆ ಹೀಗೆ ಹೇಗಾಯ್ತು?"

"ಅಕ್ಕ ನಡೀಲಿಲ್ಲ ಅಮ್ಮ. ಪಟ್ಟಿ ನನ್ನ ಕೈಲಿತ್ತು."

ಅವರು ಮಡಿಸುತ್ತಿದ್ದ ದುಪಟ್ಟಾ ಕೆಳಗಿಟ್ಟರು. "ವೈದ್ಯರು ಬಂದಾಗ ನೀನೆಲ್ಲಿದ್ದೆ?"

"ಇಲ್ಲೇ, ಬಾಗಿಲಲ್ಲಿ."