ಸೋವಿ ಸಮುದ್ರ

"ಎಮ್ಮಿ ಯಾರು ಹಿಂಡಬೇಕು?" ಎಂದು ಶಿದ್ಲಿಂಗಪ್ಪ ಕೇಳಿದಾಗ ಸುಮಂಗಲಾ ತಲೆ ಎತ್ತಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ತಾನು ಬರೆದುಕೊಂಡಿದ್ದ ಪ್ರವಾಸದ ಪಟ್ಟಿಯಲ್ಲಿ ಒಂದು ಸಾಲಿನ ಮುಂದೆ ಗುರುತು ಹಾಕಿ, "ಬಾಜು ಮನಿ ಇಮಾಮುದ್ದೀನ ಕಾಕಾರು ಹಿಂಡತಾರಂತ್ರಿ ಭಾವಾರ. ಮೂರು ದಿನದ ಹಾಲು ಅವರಿಗೇ ಅಂತ ಹೇಳೀನಿ" ಎಂದಳು.

"ಹೊಲಾ?"

"ಕಡ್ಲಿ ಮಾರಿ ತಿಂಗಳಾತ್ರಿ. ಹೊಲದಾಗ ಈಗ ಬಿಸಲು ಬಿಟ್ರ ಏನೂ ಇಲ್ಲ."

ಶಿದ್ಲಿಂಗಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಮೊರಬದಲ್ಲಿ ಅಣ್ಣತಮ್ಮಂದಿರ ಜಗಳ, ಬದುವಿನ ಜಗಳ ಬಗೆಹರಿಸುವುದಕ್ಕೆ ಜನ ಅವನನ್ನು ಕರೆಯುತ್ತಿದ್ದರು. ಅಲ್ಲಿ ಅವನು ಹೀಗೆ ಮೀಸೆ ಮುಟ್ಟಿದನೆಂದರೆ ಮಾತು ಮುಗಿಯಿತು ಎಂದೇ ಅರ್ಥ. ತಮ್ಮ ಮಾಂತೇಶನ ಹೆಂಡತಿ ಸುಮಂಗಲಾ ಮಾತ್ರ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಅವಳು ಊರಿನ ಸಾಲೆಯಲ್ಲಿ ಟೀಚರು. ಹುಡುಗರು ಉತ್ತರ ಹೇಳುವವರೆಗೂ ಕಾಯುವುದು ಅವಳಿಗೆ ರೂಢಿಯಾಗಿತ್ತು.

"ಹದಿನೈದು ಮಂದಿ ಅದೀವಿ. ಇಷ್ಟು ಮಂದೀನ ನೋಡಿ ಲಾಡ್ಜಿನಾಂವ ಬಾಗಲಾ ಹಾಕ್ಕೋತಾನ" ಎಂದ.

"ಲಾಡ್ಜ್ ಯಾಕ್ರಿ? ನನ್ನ ಗೆಳತಿ ಮಹಾಲಕ್ಷ್ಮಿ ಅಂಕೋಲಾದಾಗ ಟೀಚರ್ ಅದಾಳ. ಸೂಟಿಗೆ ಅಣ್ಣಿಗೇರಿಗೆ ತವರುಮನಿಗೆ ಬಂದಾಳ. ಅಲ್ಲಿ ಮನಿ ಖಾಲಿ ಬಿದ್ದೈತಿ. ಗಿಡಕ್ಕ ನೀರು ಹಾಕಬೇಕು, ಬೆಕ್ಕಿಗೆ ಒಂದಿಷ್ಟು ಅನ್ನ ಹಾಕಬೇಕು, ಅಷ್ಟ." ಸುಮಂಗಲಾ ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದು ಹಾಳೆಯ ಮೇಲಿಟ್ಟಳು. "ರೊಟ್ಟಿ, ಚಟ್ನಿ ಇಲ್ಲಿಂದನ ಒಯ್ಯೂದು. ಬಸ್ಸಿಗೆ ನಾವು ಹತ್ತು ಮಂದಿ ಹೆಣ್ಣಮಕ್ಕಳಿಗೆ ರೊಕ್ಕಿಲ್ಲ. ಗಂಡಸರು ಮೂವರಿಗಷ್ಟ ಪೂರಾ ಟಿಕೆಟ್ಟು, ಹುಡುಗರಿಬ್ಬರಿಗೆ ಅರ್ಧ."

ಕಂಬಕ್ಕೆ ಒರಗಿ ಕುಳಿತಿದ್ದ ತಾಯವ್ವ ಇಷ್ಟು ಹೊತ್ತೂ ಮಗನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಪ್ಪತ್ತರ ಮೇಲಾಗಿತ್ತು. ಸಮುದ್ರ ಎಂದರೆ ಹೇಗಿರುತ್ತದೆಂದು ಒಮ್ಮೆ ನೋಡಬೇಕು ಎಂದು ಅವಳು ಬಾಯಿಬಿಟ್ಟು ಹೇಳಿ ಹನ್ನೊಂದು ವರ್ಷವಾಗಿತ್ತು. ಪ್ರತಿ ಬೇಸಿಗೆಯಲ್ಲೂ ಶಿದ್ಲಿಂಗಪ್ಪ "ಹೋಗೂಣು, ಆದರ ಇಷ್ಟು ಮಂದಿ ಅಂದ್ರ ದುಬಾರಿ ಆಗತೈತಿ" ಎನ್ನುತ್ತಿದ್ದ. ಈಗ ಆ ದುಬಾರಿ ಎಂಬುದು ಅವನ ಕಣ್ಣೆದುರಿಗೇ ಸಾಲು ಸಾಲಾಗಿ ಅಳಿಸಿಹೋಗುತ್ತಿತ್ತು.

"ಹಂಗಾರ ನನ್ನ ಟಿಕೆಟ್ಟೂ ಉಳಸರಿ, ಇನ್ನೂ ಸೋವಿ ಆಗತೈತಿ" ಎಂದ ಅವನು. "ನೀವೆಲ್ಲಾ ಹೋಗಿಬರ್ರಿ. ನಾ ಮನಿ ಕಾಯ್ತೀನಿ."

"ನೀ ಬರಲಿಲ್ಲಂದ್ರ ನಾನೂ ಒಲ್ಲೆ" ಎಂದಳು ತಾಯವ್ವ.

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಮಲ್ಲಮ್ಮ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ನಿಂತಿದ್ದಳು. "ಬಿಡ್ರಿ ಅತ್ತಿ, ಯಾಕ ಕಾಡತೀರಿ? ಅವರು ಯಾವತ್ತ ಬಂದಾರ? ಸಿರ್ಸಿಯೊಳಗ ನಮ್ಮ ತಂಗಿ ಮದವಿ ಇದ್ದಾಗನ ಬರಲಿಲ್ಲ. ಎತ್ತಿಗೆ ಕಾಲುಬ್ಯಾನಿ ಅಂದ್ರು. ನಾ ತಿರುಗಿ ಬಂದು ನೋಡಿದ್ರ ಎತ್ತು ಹೊಲದಾಗ ಅಗದಿ ಚೊಲೋ ಗಳೇ ಹೊಡೀತಿತ್ತು."

ಆ ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಎತ್ತು ಸತ್ತು, ಅದರ ಜಾಗದಲ್ಲಿ ಟ್ರ್ಯಾಕ್ಟರು ಬಂದಿತ್ತು. ಮಲ್ಲಮ್ಮನ ಸಿಟ್ಟು ಮಾತ್ರ ಹಾಗೇ ಇತ್ತು. ತನ್ನ ತವರಿನವರು ಬಡವರೆಂದೇ ಗಂಡ ಬರಲಿಲ್ಲ ಎಂದು ಅವಳು ನಂಬಿಬಿಟ್ಟಿದ್ದಳು. ಅವನು ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ.

ಶಿದ್ಲಿಂಗಪ್ಪ ಹೆಂಡತಿಯ ಕಡೆ ನೋಡಿದ, ತಾಯಿಯ ಕಡೆ ನೋಡಿದ, ಕೊನೆಗೆ ಕೀಲಿಕೈಯ ಕಡೆ ನೋಡಿದ. "ಆತು, ಬರ್ತೀನಿ" ಎಂದ.

ಅವನ ಕಷ್ಟ ಅವನೊಬ್ಬನಿಗೇ ಗೊತ್ತಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯನೊಬ್ಬನ ಜೊತೆ ಲಾರಿಯಲ್ಲಿ ಕಾರವಾರಕ್ಕೆ ಹೊರಟವನು ಅರಬೈಲ್ ಘಟ್ಟದ ಮೂರನೆಯ ತಿರುವಿನಲ್ಲಿ ಕರುಳೇ ಬಾಯಿಗೆ ಬಂದ ಹಾಗೆ ವಾಂತಿ ಮಾಡಿಕೊಂಡು, ಅಲ್ಲೇ ಇಳಿದು, ಬೇರೆ ಲಾರಿ ಹಿಡಿದು ವಾಪಸು ಬಂದಿದ್ದ. ಅಂದಿನಿಂದ ರಸ್ತೆ ಎಲ್ಲಿ ಸೊಟ್ಟಗಾಗುತ್ತದೋ ಅದರಾಚೆ ಅವನು ಹೋಗಿರಲಿಲ್ಲ. ಮೊರಬದಲ್ಲಿ ಇದನ್ನು ಮುಚ್ಚಿಡುವುದು ಕಷ್ಟವಾಗಲಿಲ್ಲ. ಎರೆಹೊಲಗಳ ನಡುವಿನ ರಸ್ತೆ ನವಲಗುಂದಕ್ಕೂ ನೆಟ್ಟಗೆ, ಹುಬ್ಬಳ್ಳಿಗೂ ನೆಟ್ಟಗೆ. ಕೂಸು ಕುನ್ನಿಗಳಿಗೆ ಆಗುವ ವಾಂತಿ ಊರಿನ ಹಿರಿಯನಿಗೆ ಆಗುತ್ತದೆ ಎಂದು ಯಾರೆದುರು ಹೇಳುವುದು?

ಮರುದಿನ ಅವನು ನವಲಗುಂದಕ್ಕೆ ಹೋದ. ಊರಿನ ಔಷಧ ಅಂಗಡಿಯಲ್ಲಿ ಕೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಅಲ್ಲಿಯ ಅಂಗಡಿಯವನು, "ಯಾರಿಗ್ರಿ?" ಎಂದ.

"ನಮ್ಮ ತಮ್ಮನ ಮಗಳಿಗೆ."

"ಎಷ್ಟು ವರ್ಷದಾಕಿ?"

"ಎಂಟು."

ಅಂಗಡಿಯವನು ಕಿತ್ತಳೆ ಬಣ್ಣದ ಔಷಧದ ಒಂದು ಸಣ್ಣ ಬಾಟಲಿ ಕೊಟ್ಟು, ಅದರ ಮುಚ್ಚಳದ ಮೇಲಿದ್ದ ಪುಟ್ಟ ಬಟ್ಟಲಿನಲ್ಲಿ ಗೆರೆ ತೋರಿಸಿದ. "ಇದಕ್ಕಿಂತ ಹೆಚ್ಚಿಗಿ ಕುಡಸಬ್ಯಾಡ್ರಿ. ಕೂಸು ನಿದ್ದಿಗೆ ಬೀಳತೈತಿ." ದೊಡ್ಡವರ ಗುಳಿಗೆ ಕೇಳಲು ಶಿದ್ಲಿಂಗಪ್ಪನಿಗೆ ಬಾಯಿ ಬರಲಿಲ್ಲ.

ಹೊರಡುವ ದಿನ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಅವನು ಕಂಬದ ಮರೆಗೆ ಹೋಗಿ, ಗೆರೆಯವರೆಗೆ ಸುರಿದು, ಒಂದು ಹನಿ ಹೆಚ್ಚಾಗದಂತೆ ಕುಡಿದ. ಅಷ್ಟರಲ್ಲಿ ಕಾರವಾರದ ಬಸ್ಸು ಬಂದು ನಿಂತಿತು. ಮನೆಯ ಹೆಣ್ಣುಮಕ್ಕಳು ಕಿಟಕಿಗಳಿಂದ ಟವೆಲು, ಸೆರಗು, ರೊಟ್ಟಿಯ ಗಂಟು, ಕಡೆಗೆ ಸಣ್ಣ ಹುಡುಗನೊಬ್ಬನನ್ನೂ ಒಳಗೆ ತೂರಿಸಿ ಸೀಟು ಹಿಡಿದರು. ಕಂಡಕ್ಟರನು ಹತ್ತು ಆಧಾರ ಕಾರ್ಡು ನೋಡಿ ಹತ್ತು ಸೊನ್ನೆಯ ಟಿಕೆಟ್ಟು ಹರಿದುಕೊಟ್ಟ. ತಾಯವ್ವ ತನ್ನದನ್ನು ಎಲೆಅಡಿಕೆಯ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ರೊಕ್ಕ ಕೊಟ್ಟ ಮೂವರು ಗಂಡಸರಿಗೆ, ಅಂದರೆ ಶಿದ್ಲಿಂಗಪ್ಪ ಮತ್ತು ಅವನ ತಮ್ಮಂದಿರಿಬ್ಬರಿಗೆ, ಮಾತ್ರ ಸೀಟು ಸಿಗಲಿಲ್ಲ. ಅವರು ಕಂಬಿ ಹಿಡಿದು ನಿಂತರು.

ಕಲಘಟಗಿ ದಾಟಿತು. ರಸ್ತೆಯ ಎರಡೂ ಬದಿಗೆ ಗಿಡಗಳು ಒತ್ತಾದವು. ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಸುಮಂಗಲಾ ಎಲ್ಲರಿಗೂ ರೊಟ್ಟಿ, ಶೇಂಗಾಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಹಂಚಿದಳು. ಶಿದ್ಲಿಂಗಪ್ಪ ಹಸಿವಿಲ್ಲ ಎಂದ. ಮಲ್ಲಮ್ಮ ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿ ಅವನ ಮುಖ ನೋಡದೆ ಚಾಚಿದಳು. ಮನಸ್ಸಿಲ್ಲದ ಮನಸ್ಸಿನಿಂದ ಅವನು ತಿಂದ. ಇಪ್ಪತ್ತು ನಿಮಿಷ ಕಳೆದ ಮೇಲೆ ಬಸ್ಸು ಘಟ್ಟ ಇಳಿಯತೊಡಗಿತು.

ಮೊದಲ ತಿರುವಿನಲ್ಲಿ ಅವನು ಕಣ್ಣು ಮುಚ್ಚಿದ. ಎರಡನೆಯದರಲ್ಲಿ ಮನೆದೇವರನ್ನು ನೆನೆದ. ಮೂರನೆಯ ತಿರುವಿನಲ್ಲಿ ಮಾಂತೇಶ ತಿರುಗಿ, "ಅಣ್ಣಾ, ಅಲ್ಲಿ ನೋಡು, ಕಣಿವಿ ಎಷ್ಟು ಆಳ ಐತಿ" ಎಂದ. ಶಿದ್ಲಿಂಗಪ್ಪ ನೋಡಿದ. ಬಾಯಿಗೆ ಟವೆಲು ಒತ್ತಿಕೊಳ್ಳುವಷ್ಟೂ ಪುರಸೊತ್ತು ಸಿಗಲಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಅವನ ಬಿಳಿ ಅಂಗಿಯ ಮೇಲೆ ಯಲ್ಲಾಪುರದ ರೊಟ್ಟಿ ಅಷ್ಟೂ ಹೊರಬಂತು.

ಬಸ್ಸಿನ ಅರ್ಧಭಾಗ ಒಮ್ಮೆಲೇ ತಿರುಗಿ ನೋಡಿತು. "ಹಿರ್ಯಾರ, ಮದಲ ಹೇಳಬಾರದೇನ್ರಿ, ಮುಂದ ಕುಂಡರಸತಿದ್ದೆ" ಎಂದ ಕಂಡಕ್ಟರ್. ತಮ್ಮಂದಿರಿಬ್ಬರೂ ಏನು ಮಾಡಬೇಕೆಂದು ತಿಳಿಯದೆ ಅಣ್ಣನ ತೋಳು ಹಿಡಿದುಕೊಂಡರು. ಅವನು ವಾಂತಿ ಮಾಡಬಹುದೆಂದು ಅವರಿಗೆ ಯಾವತ್ತೂ ತೋಚಿರಲಿಲ್ಲ.

ಏನು ಮಾಡಬೇಕೆಂದು ಗೊತ್ತಿದ್ದದ್ದು ಸುಮಂಗಲಾಳ ಮಗಳು ನೀಲಾಳಿಗೆ. ಎಂಟು ವರ್ಷದ ಅವಳು ಬೆಳಗಿನಿಂದ ಎರಡು ಸಲ ಈ ಕೆಲಸ ಮುಗಿಸಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಮಡಚಿ ಇಟ್ಟುಕೊಂಡು ಕುಳಿತಿದ್ದಳು. "ದೊಡ್ಡಪ್ಪಾ, ಇಲ್ಲಿ ಬಾ" ಎಂದು ತನ್ನ ಕಿಟಕಿಯ ಸೀಟು ಬಿಟ್ಟುಕೊಟ್ಟು, ಒಂದು ಚೀಲ ಬಿಡಿಸಿ ನಿಂಬೆಹಣ್ಣಿನ ಜೊತೆ ಕೈಗಿಟ್ಟಳು. "ಸನೇಕಿನ ಗಿಡಾ ನೋಡಬ್ಯಾಡ, ತಲಿ ತಿರಗತೈತಿ. ದೂರದ ಗುಡ್ಡಾ ನೋಡು. ನಿಂಬಿಹಣ್ಣು ಮೂಸು." ಅವನು ಅವಳು ಹೇಳಿದಂತೆ ದೂರದ ಗುಡ್ಡ ನೋಡಿದ, ನಿಂಬೆಹಣ್ಣು ಮೂಸಿದ. ಘಟ್ಟ ಇಳಿಯುವುದರೊಳಗೆ ಅವಳ ಚೀಲಗಳಲ್ಲಿ ಮೂರು ಖರ್ಚಾದವು.

ಬೇರೆ ಟವೆಲು ತೆಗೆಯಲೆಂದು ಅವನ ಕೈಚೀಲ ಬಿಚ್ಚಿದ ಮಲ್ಲಮ್ಮನಿಗೆ ಕಿತ್ತಳೆ ಬಣ್ಣದ ಬಾಟಲಿ ಸಿಕ್ಕಿತು. ಅವಳು ಅದನ್ನು ಸುಮಂಗಲಾಳಿಗೆ ತೋರಿಸಿದಳು. ಸುಮಂಗಲಾ ಮೇಲಿನ ಅಕ್ಷರ ಓದಿ, "ಸಣ್ಣ ಹುಡುಗರ ವಾಂತಿ ಔಷಧ ಅಕ್ಕಾ. ನಾ ತಂದಿದ್ದಲ್ಲ" ಎಂದಳು.

ಮಲ್ಲಮ್ಮ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗಂಡನ ಹಿಂದಿನ ಸೀಟಿಗೆ ಬಂದು ಕುಳಿತಳು.

"ನಮ್ಮ ತಂಗಿ ಮದವಿಗೂ ಇದಕ್ಕ ಬರಲಿಲ್ಲೇನ್ರಿ?"

ಅವನು ತಿರುಗದೆ ತಲೆಯಾಡಿಸಿದ.

"ಎತ್ತಿನ ಕಾಲು?"

"ಚೊಲೋ ಇತ್ತು."

"ಹದಿನೆಂಟು ವರ್ಷ" ಎಂದಳು ಮಲ್ಲಮ್ಮ. ಅವಳ ದನಿ ನಡುಗಿತು. ಅಳುತ್ತಾಳೆಂದು ಸುಮಂಗಲಾ ಎದ್ದು ಬಂದಳು. ಮಲ್ಲಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ತಡೆಯಲಾಗದೆ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿದಳು. ನಗೆ ನಿಂತ ಮೇಲೆ ಕಣ್ಣೊರೆಸಿಕೊಂಡು, ಗಂಡನ ಕತ್ತಿನ ಹಿಂದಿನ ಬೆವರನ್ನು ಅದೇ ಸೆರಗಿನಿಂದ ಒರೆಸಿದಳು. ಎಲ್ಲರೆದುರು ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

ತಾಯವ್ವ ಅಡಿಕೆ ಜಗಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು. "ಇವರಪ್ಪನೂ ಹಿಂಗ ಇದ್ದ" ಎಂದಳು, ಯಾರಿಗೆ ಎಂದಿಲ್ಲದೆ. "ನನ್ನ ಘಟ್ಟದಾಗಿನ ಉಳವಿ ಜಾತ್ರಿಗೆ ಕರಕೊಂಡು ಹೋಗು ಅಂದ್ರ ಪ್ರತಿ ವರ್ಷ ಅವಗ ಜ್ವರಾ ಬರತಿದ್ದೂವು. ನಾ ಖರೇನ ಜ್ವರಾ ಅಂದಕೊಂಡು ಕಷಾಯ ಮಾಡಿ ಕುಡಸತಿದ್ದೆ."

ಅಂಕೋಲೆಯಲ್ಲಿ ಇಳಿದಾಗ ಬಿಸಿಲು ಬಾಡಿತ್ತು. ಮಹಾಲಕ್ಷ್ಮಿಯ ಮನೆಯ ಬೆಕ್ಕು ಹದಿನೈದು ಮಂದಿಯನ್ನು ಕಂಡು ಹಂಚಿನ ಮೇಲೆ ಹತ್ತಿ ಕುಳಿತಿತು. ಗಂಟು ಮೂಟೆ ಒಳಗಿಟ್ಟವರೇ ಎಲ್ಲರೂ ಸಮುದ್ರದ ಕಡೆ ನಡೆದರು. ತಾಯವ್ವ ಮರಳಿನ ಮೇಲೆ ಚಪ್ಪಲಿ ಬಿಟ್ಟು ನಿಂತು ಬಹಳ ಹೊತ್ತು ನೋಡಿದಳು.

"ಆಚಿ ದಂಡಿ ಕಾಣಂಗಿಲ್ಲಲ್ಲ" ಎಂದಳು.

"ಇಲ್ಲ ಯವ್ವಾ, ಕಾಣಂಗಿಲ್ಲ" ಎಂದ ಶಿದ್ಲಿಂಗಪ್ಪ. ಅವನು ಬನಿಯನ್ನಿನ ಮೇಲೆ ಟವೆಲು ಹೊದ್ದು, ಮಗುಚಿ ಹಾಕಿದ್ದ ಒಂದು ದೋಣಿಯ ನೆರಳಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ನೀಲಾ ಕುಳಿತು, ವಾಪಸು ಹೋಗುವಾಗ ಘಟ್ಟ ಹತ್ತುವುದು ಇಳಿಯುವುದಕ್ಕಿಂತ ಸಸಾರ ಎಂದು ಅವನಿಗೆ ಧೈರ್ಯ ಹೇಳುತ್ತಿದ್ದಳು.

ಮಲ್ಲಮ್ಮ ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ ನೀರಿನ ಅಂಚಿನಲ್ಲಿ ಕುಳಿತು ಅವನ ಬಿಳಿ ಅಂಗಿ ಒಗೆಯಲು ಶುರುಮಾಡಿದ್ದಳು. ಎಷ್ಟು ಸಾಬೂನು ತಿಕ್ಕಿದರೂ ನೊರೆ ಬರಲಿಲ್ಲ. ತಾಯವ್ವ ಬಂದು ಬಗ್ಗಿ ನೋಡಿ, ಒಂದು ಬೆರಳು ನೀರಿಗೆ ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. "ಇಷ್ಟು ನೀರು ಇಟಗೊಂಡು ಒಂದಂಗೀ ಒಗಿಯಾಕ ಬರಂಗಿಲ್ಲ" ಎಂದು ಸೊಸೆಯ ಪಕ್ಕದಲ್ಲೇ ಕುಳಿತಳು.

ಒಂದು ದೊಡ್ಡ ತೆರೆ ಬಂದು ಇಬ್ಬರ ಸೊಂಟದವರೆಗೂ ಹರಿದು ತಿರುಗಿತು. ಮಲ್ಲಮ್ಮನ ಕೈಯಿಂದ ಅಂಗಿ ಜಾರಿತು. ಅವಳು ಏಳಲಿಲ್ಲ. ಗಾಳಿ ತುಂಬಿ ಉಬ್ಬಿದ ಅಂಗಿ ಎರಡೂ ತೋಳು ಚಾಚಿಕೊಂಡು ನೀರಿನ ಮೇಲೆ ಸ್ವಲ್ಪ ದೂರ ತೇಲಿಹೋಯಿತು, ಅಲ್ಲಿ ಒಂದು ಸುತ್ತು ತಿರುಗಿತು. ಮತ್ತೊಂದು ತೆರೆ ಅದನ್ನು ಮೆಲ್ಲಗೆ ತಂದು ಅವಳ ಪಾದದ ಬಳಿ ಬಿಟ್ಟಿತು.